ಸಬ್-ಟೆನನ್ ಬ್ಲಾಕ್: ಕೆಡುವುದು ಕತ್ತರಿ ಹಾಕುವಲ್ಲೇ

ಕಣ್ಣಿನ ಪೊರೆ ಆಪರೇಷನ್‌ಗೆ ನಾನು ಹೆಚ್ಚಾಗಿ ಕೊಡುವುದು ಸಬ್-ಟೆನನ್ ಬ್ಲಾಕ್: ಗುಡ್ಡೆಯನ್ನು ಸುತ್ತಿದ ಟೆನನ್ ಎಂಬ ತೆಳು ಪದರದ ಕೆಳಗೆ ಮೊಂಡು ಕ್ಯಾನುಲಾದಿಂದ (ಸಣ್ಣ ಕೊಳವೆ) ಅರಿವಳಿಕೆ ಬಿಡುವುದು. ಗುಡ್ಡೆಯ ಸುತ್ತ ಸೂಜಿಯಿಂದ ಕೊಡುವ ಪೆರಿಬಲ್ಬಾರ್ ಬ್ಲಾಕ್ ಪೂರ್ತಿ ಬಿಟ್ಟಿಲ್ಲ. ಆದರೆ ಕಣ್ಣಿನ ಉದ್ದ 26 ಮಿ.ಮೀ. ದಾಟಿದ್ದರೆ ಚೂಪು ಸೂಜಿ ಕೈಗೆತ್ತಿಕೊಳ್ಳುವುದಿಲ್ಲ. ಅಂಥ ಕಣ್ಣಿನ ಹಿಂಗೋಡೆ ತೆಳು, ಎಲ್ಲಿ ಉಬ್ಬಿದೆಯೋ ಹೊರಗಿನಿಂದ ತಿಳಿಯದು.

ಅರಿವಳಿಕೆ ಔಷಧ 2% ಲಿಗ್ನೋಕೇನ್‌ನ 30 ಮಿ.ಲೀ. ವಯಲ್‌ಗೆ, ಔಷಧ ಹರಡಲು ನೆರವಾಗುವ ಕಿಣ್ವ ಹಯಲುರೊನಿಡೇಸ್ 1500 ಯೂನಿಟ್ ಬೆರೆಸಿದರೆ ಮಿ.ಲೀ.ಗೆ 50 ಯೂನಿಟ್. ಒಂದು ಕಣ್ಣಿಗೆ 3–4 ಮಿ.ಲೀ. ಸಾಕು. ಕೆಲಸ ಎಳೆಯುವಂತಿದ್ದರೆ ಹೆಚ್ಚು ಹೊತ್ತು ನಿಲ್ಲುವ 0.5% ಬುಪಿವಕೇನ್ ಸಮಪಾಲು ಸೇರಿಸುತ್ತೇನೆ.

ಕಣ್ಣು ಮರಗಟ್ಟಿಸುವ ಪ್ರೊಪಾರಕೇನ್ ಹನಿ ಎರಡು-ಮೂರು ಸಲ, ಆಮೇಲೆ ಸೋಂಕು ತಡೆಯಲು 5% ಪೊವಿಡೋನ್ ಅಯೋಡಿನ್ ಹಾಕಿ ಮೂರು ನಿಮಿಷ ಬಿಡುವುದು. ರೆಪ್ಪೆ ತೆರೆದಿಡುವ ಸ್ಪೆಕ್ಯುಲಂ ಇಟ್ಟು, “ಅಜ್ಜೀ, ಹುಬ್ಬಿನ ಹೊರತುದಿ ನೋಡಿ” ಎಂದರೆ ಮೂಗಿನ ಕಡೆಯ ಕೆಳಮೂಲೆ ತಾನಾಗಿ ತೆರೆದುಕೊಳ್ಳುತ್ತದೆ. ಕರಿಗುಡ್ಡೆಯ ಅಂಚಿನಿಂದ 5–7 ಮಿ.ಮೀ. ದೂರದಲ್ಲಿ ಮೂರ್‌ಫೀಲ್ಡ್ಸ್ ಫೋರ್ಸೆಪ್ಸ್‌ನಿಂದ ಕಂಜಂಕ್ಟೈವಾ (ಗುಡ್ಡೆಯ ಮೇಲಿನ ಪಾರದರ್ಶಕ ಪೊರೆ), ಟೆನನ್ ಎರಡನ್ನೂ ಒಟ್ಟಿಗೆ ಎತ್ತಿ ವೆಸ್ಟ್‌ಕಾಟ್ ಕತ್ತರಿಯಿಂದ ಸಣ್ಣ ಗಾಯ. ಕೆಡುವುದು ಇಲ್ಲೇ. ಒಳಗೆ ಹೊಳೆಯುವ ಬಿಳಿ ಸ್ಕ್ಲೀರಾ, ಅಂದರೆ ಗುಡ್ಡೆಯ ಗೋಡೆ, ಬರಿದಾಗಿ ಕಾಣಬೇಕು. ಜೇಡರ ಬಲೆಯಂಥ ಎಳೆ ಉಳಿದಿದ್ದರೆ ಅದು ಟೆನನ್. ಮತ್ತೆ ಎತ್ತಿ ಕತ್ತರಿಸಬೇಕು. ಗಾಯ ಕ್ಯಾನುಲಾ ನುಗ್ಗುವಷ್ಟೇ ಇರಲಿ, ದೊಡ್ಡದಾದರೆ ಔಷಧ ಕೆನ್ನೆಗಿಳಿಯುತ್ತದೆ.

25 ಮಿ.ಮೀ. ಉದ್ದದ, ಬಾಗಿದ, ಮೊಂಡು ತುದಿಯ 19 ಗೇಜ್ ಕ್ಯಾನುಲಾವನ್ನು ಗುಡ್ಡೆಯ ಬಾಗಿಗೆ ಅಂಟಿಸಿಕೊಂಡೇ ಜಾರಿಸುತ್ತೇನೆ. ಈಕ್ವೇಟರ್ (ಗುಡ್ಡೆಯ ನಡುಸುತ್ತು) ದಾಟುವ ಮೊದಲೇ ತಡೆದರೆ ಒತ್ತಬಾರದು, ಅರ್ಧ ಮಿ.ಲೀ. ಬಿಟ್ಟರೆ ದಾರಿ ತಾನೇ ಬಿಡುತ್ತದೆ. ಉಳಿದದ್ದನ್ನು ನಿಧಾನವಾಗಿ ಬಿಡಬೇಕು, ಅವಸರ ಮಾಡಿದರೆ ನೋವು.

ಮುಂದೆ ಬುಗ್ಗೆಯಂತೆ ಊದಿಕೊಂಡಿತೋ, ಪದರ ತಪ್ಪಿದೆ ಅಥವಾ ಕ್ಯಾನುಲಾ ಹಿಂದಕ್ಕೆ ಹೋಗಿಲ್ಲ. ರೆಪ್ಪೆಯ ಮೇಲೆ ಹದವಾಗಿ ಒತ್ತಿದರೆ ಬಹುಪಾಲು ಇಳಿಯುತ್ತದೆ. ಐದು ನಿಮಿಷವಾದರೂ ಕಣ್ಣು ಚೆನ್ನಾಗಿ ಓಡಾಡುತ್ತಿದ್ದರೆ ಅದೇ ಗಾಯದಿಂದ ಇನ್ನೊಂದು ಮಿ.ಲೀ. ಸ್ವಲ್ಪ ಅಲುಗಾಟ, ರೆಪ್ಪೆ ಬಿಗಿಯುವುದು ಉಳಿದರೂ ಪೊರೆ ತೆಗೆಯಲು ಅಡ್ಡಿಯಿಲ್ಲ. ಬಿಳಿಗುಡ್ಡೆ ಕೆಂಪಾಗುವುದು ಮಾಮೂಲು. ಮನೆಯವರಿಗೆ ಮೊದಲೇ ಹೇಳಿಟ್ಟರೆ ಮಾರನೆಯ ದಿನದ ಗಾಬರಿ ತಪ್ಪುತ್ತದೆ. ಕಳಚಿದ ರೆಟಿನಾ ಕೂಡಿಸಲು ಗುಡ್ಡೆಯ ಹೊರಗೆ ಬಕಲ್ (ಪಟ್ಟಿ) ಹಾಕಿಸಿಕೊಂಡವರಲ್ಲಿ ಟೆನನ್ ಅಂಟಿಕೊಂಡಿರುತ್ತದೆ, ಅಲ್ಲಿ ಈ ದಾರಿ ಹಿಡಿಯುವುದಿಲ್ಲ.

ಮೊಂಡು ಕ್ಯಾನುಲಾ ಎಂದು ಐವಿ ಲೈನ್, ಪಲ್ಸ್ ಆಕ್ಸಿಮೀಟರ್ ಬಿಡುವಂತಿಲ್ಲ. ನಾಡಿ ಕುಸಿದರೆ ಅಟ್ರೋಪಿನ್ 0.6 ಮಿ.ಗ್ರಾಂ. ಬ್ಲಾಕ್ ಆದ ಹತ್ತು ನಿಮಿಷದೊಳಗೆ ಮಾತು ತೊದಲಿದರೆ, ಮಂಕು ಕವಿದರೆ, ಇನ್ನೊಂದು ಕಣ್ಣಿನ ಪಾಪೆ ಹಿಗ್ಗಿದರೆ ಔಷಧ ಮಿದುಳುಕಾಂಡ ಮುಟ್ಟಿದೆ: ಮುಖ ಮುಚ್ಚಿದ ಡ್ರೇಪ್ ಎತ್ತಿ, ಕೈಯಿಂದ ಉಸಿರು ಕೊಡುವ ಆಂಬು ಬ್ಯಾಗ್ ಹಿಡಿಯಿರಿ.