ಮಕ್ಕಳು ಮಲಗಿದ ಮೇಲೆ ಸಿಗುವ ಅರ್ಧ ಗಂಟೆ

ಬೆಂಗಳೂರಿನ ಬನಶಂಕರಿಯಲ್ಲಿ ನಮ್ಮ ಮನೆಯ ಕೆಳಗಿನ ಎರಡು ರೂಮಿನಲ್ಲಿ ಡೇಕೇರ್ ನಡೆಸುತ್ತೇನೆ. ಈಗ ಏಳು ಮಕ್ಕಳಿದ್ದಾರೆ. ಮೊದಲು ಮೂರೇ ಇದ್ದರು, ಒಬ್ಬಳೇ ನಿಭಾಯಿಸಿದೆ. ಐದಾದಾಗ ಆಗಲಿಲ್ಲ. ಒಂದು ಮಗುವಿಗೆ ಕಕ್ಕ ತೊಳೆಸಲು ಹೋದರೆ ಉಳಿದ ನಾಲ್ವರನ್ನು ನೋಡುವವರು ಯಾರು? ಹಾಗಾಗಿ ಸಹಾಯಕ್ಕೆ ಒಬ್ಬ ಅಕ್ಕ ಬಂದರು.

ಅಕ್ಕ ಅಂತ ಬಾಯಿಮಾತಿಗೆ ಕರೆಯುತ್ತಿಲ್ಲ. ನನಗಿಂತ ಹನ್ನೆರಡು ವರ್ಷ ದೊಡ್ಡವರು. ಮೂರು ಮಕ್ಕಳನ್ನು ಸಾಕಿ, ಮೊಮ್ಮಗಳನ್ನೂ ಎತ್ತಿ ಆಡಿಸಿದವರು. ಅಂಥವರಿಗೆ ಮಗುವನ್ನು ಹೀಗೆ ನೋಡಿಕೊಳ್ಳಿ ಅಂತ ನಾನು ಹೇಳಬೇಕು. ಕಷ್ಟ ಅಲ್ಲೇ ಶುರುವಾಯಿತು.

ಅವರು ಬಂದ ಎರಡನೇ ವಾರ. ಹತ್ತು ತಿಂಗಳ ಮಗುವಿಗೆ ಕೆಮ್ಮು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಅಕ್ಕ ಬೆರಳಿಗೆ ಜೇನುತುಪ್ಪ ಹಚ್ಚಿಕೊಂಡು ಮಗುವಿನ ಬಾಯಿ ಹತ್ತಿರ ತಂದಿದ್ದರು. ಅದೇ ಹೊತ್ತಿಗೆ ಮಗುವಿನ ತಾಯಿ ಬಾಗಿಲಲ್ಲಿ ನಿಂತಿದ್ದಾರೆ. ನಾನು ಅಕ್ಕನ ಕೈ ಹಿಡಿದು ಎಳೆದೆ. "ಅಷ್ಟೂ ಗೊತ್ತಾಗಲ್ವಾ?" ಅಂತ ಜೋರು ಮಾಡಿದೆ. ಅಕ್ಕ ಮಾತಾಡಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡು, ಒಣಗಿದ ಬಟ್ಟೆ ಮಡಚಲು ಕೂತರು. ಮರುದಿನ ಕೆಲಸಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನ್ ಸ್ವಿಚ್ ಆಫ್.

ಜೇನುತುಪ್ಪ ತಡೆದದ್ದು ಸರಿ. ತಾಯಿಯ ಎದುರಿಗೆ ಆ ಮಾತು ಆಡಿದ್ದು ತಪ್ಪು. ಮೂರನೇ ದಿನ ಅವರ ಮನೆಗೇ ಹೋಗಿ "ತಪ್ಪಾಯ್ತು ಅಕ್ಕ" ಅಂದೆ. ಅವರು ಕಾಫಿ ಕೊಟ್ಟರು. ಆಮೇಲೆ ಕೇಳಿದರು, "ನನ್ನ ಮೂರೂ ಮಕ್ಕಳಿಗೆ ನೆಕ್ಕಿಸಿದೀನಿ ಕಣಮ್ಮ. ಏನಾಯ್ತು?"

ಜೇನಿನಲ್ಲಿ ಕೆಲವು ಸಲ ಒಂದು ಥರದ ರೋಗಾಣು ಇರುತ್ತೆ, ದೊಡ್ಡವರ ಹೊಟ್ಟೆ ಅದನ್ನು ತಡೆದುಕೊಳ್ಳುತ್ತೆ ಅಂತ ಹೇಳಿದೆ. ವರ್ಷ ತುಂಬದ ಮಗುವಿನ ಕರುಳಿನಲ್ಲಿ ಅದು ಬೆಳೆದು ವಿಷ ಬಿಟ್ಟರೆ ಮಗುವಿನ ಮೈಯಲ್ಲಿ ಬಲವೇ ಇರಲ್ಲ, ಉಸಿರಾಟಕ್ಕೂ ತೊಂದರೆ ಆಗಬಹುದು. "ಆಗೋದು ಅಪರೂಪ. ಆದರೆ ಬೇರೆಯವರು ನಮ್ಮನ್ನ ನಂಬಿ ಬಿಟ್ಟು ಹೋದ ಮಗು ಅಲ್ವಾ ಅಕ್ಕ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತೇ ಹಿಂಗೆ ಹೇಳಬಹುದಿತ್ತಲ್ಲಮ್ಮ" ಅಂದರು.

ಆ ಮಾತು ನನಗೆ ಚೆನ್ನಾಗಿ ತಟ್ಟಿತು. ಅಂದಿನಿಂದ ಒಂದು ರೂಢಿ ಮಾಡಿಕೊಂಡೆವು. ಮಧ್ಯಾಹ್ನ ಒಂದೂವರೆಗೆ ಮಕ್ಕಳು ಮಲಗುತ್ತಾರೆ. ಮಲಗಿದ ಮಕ್ಕಳು ಕಾಣುವ ಹಾಗೆ ಬಾಗಿಲ ಹತ್ತಿರವೇ ಇಬ್ಬರೂ ಕಾಫಿ ಹಿಡಿದು ಕೂರುತ್ತೇವೆ. ತಿದ್ದುವ ಮಾತು ಏನೇ ಇದ್ದರೂ ಆಗಲೇ. ಮಕ್ಕಳ ಎದುರು, ಅಪ್ಪ ಅಮ್ಮಂದಿರ ಎದುರು ಇಲ್ಲ. ತಕ್ಷಣ ತಡೆಯಲೇಬೇಕು ಅನ್ನುವಾಗ ಒಂದೇ ಮಾತು: "ಅಕ್ಕ, ನಿಲ್ಲಿ." ಕಾರಣ ಮಧ್ಯಾಹ್ನಕ್ಕೆ. ಅವರೂ ನನ್ನನ್ನು ಹಾಗೆ ನಿಲ್ಲಿಸಬಹುದು. ನಿಲ್ಲಿಸಿದ್ದಾರೆ ಕೂಡ.

ಕಾರಣ ಹೇಳಿದರೆ ಕೆಲಸ ಎಷ್ಟು ಹಗುರ ಆಗುತ್ತದೆ ಅಂತ ಬಕೆಟ್ ವಿಷಯದಲ್ಲಿ ನೋಡಿದೆ. ನಮ್ಮ ಕಡೆ ಕಾವೇರಿ ನೀರು ದಿನಾ ಬರಲ್ಲ. ಬಂದ ದಿನ ಇದ್ದಬದ್ದ ಬಕೆಟ್ಟೆಲ್ಲ ತುಂಬಿಸಿಡುವುದು ಅಕ್ಕನ ಕೈಗೆ ಅಂಟಿದ ಅಭ್ಯಾಸ. "ತುಂಬಿಸಬೇಡಿ" ಅಂದರೆ ಎರಡು ದಿನ ನೆನಪಿರುತ್ತಿತ್ತು, ಮೂರನೇ ದಿನ ಮತ್ತೆ ತುಂಬಿರುತ್ತಿತ್ತು. ಒಂದು ಮಧ್ಯಾಹ್ನ ಖಾಲಿ ಬಕೆಟ್ ತಂದು ಮುಂದಿಟ್ಟೆ. ಪುಟ್ಟ ಮಗುವಿಗೆ ತಲೆಯೇ ಭಾರ, ಬಗ್ಗಿ ಒಳಗೆ ಬಿದ್ದರೆ ವಾಪಸ್ ಏಳಲು ಆಗಲ್ಲ, ಗೇಣುದ್ದ ನೀರಿದ್ದರೂ ಸಾಕು, ಸದ್ದೂ ಆಗಲ್ಲ ಅಂತ ತೋರಿಸಿದೆ. ಈಗ ಡ್ರಮ್ಮಿಗೆ ಮುಚ್ಚಳ, ಬಕೆಟ್ಟೆಲ್ಲ ಬೋರಲು, ಬಚ್ಚಲ ಚಿಲಕ ಮೇಲೆ. ನಾನು ಮರೆತರೂ ಅಕ್ಕ ಮರೆಯುವುದಿಲ್ಲ.

ಔಷಧಿ ಮಾತ್ರ ನಾನೇ ಕೊಡುವುದು. ತಂದೆ ತಾಯಿ ಬರೆದು ಕೊಟ್ಟಿದ್ದರೆ ಮಾತ್ರ. ಅದಕ್ಕೂ ಅಕ್ಕನಿಗೆ ಎರಡು ಬಾಟಲಿ ತೋರಿಸಿದೆ. ಜ್ವರದ ಪ್ಯಾರಸಿಟಮಾಲ್ ಡ್ರಾಪ್ಸ್‌ನಲ್ಲಿ 1 ಎಂ.ಎಲ್.ಗೇ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಿ 5 ಎಂ.ಎಲ್.ಗೆ 120, 125, ಇಲ್ಲವೇ 250. ಡ್ರಾಪ್ಸನ್ನು ಸಿರಪ್ ಅಂದುಕೊಂಡು ಒಂದು ಚಮಚ ಕುಡಿಸಿದರೆ ಏನಾಗಬಹುದು ಅಂತ ಅವರೇ ಬೆರಳು ಮಡಚಿ ಲೆಕ್ಕ ಹಾಕಿದರು.

ನಾನು ಅವರಿಂದ ಕಲಿತದ್ದೂ ಜಾಸ್ತಿ. ಒಂದು ಬೆಳಗ್ಗೆ "ಇದರ ಕಣ್ಣು ಸರಿ ಇಲ್ಲ ಕಣಮ್ಮ" ಅಂದರು. ಥರ್ಮಾಮೀಟರ್ ಏನೂ ತೋರಿಸಲಿಲ್ಲ. ಹನ್ನೊಂದು ಗಂಟೆಗೆ ಆ ಮಗುವಿಗೆ 101 ಜ್ವರ. ಈಗ ಅವರು ಹಾಗೆ ಅಂದರೆ ನಾನು ಆಗಲೇ ಮನೆಯವರಿಗೆ ಫೋನ್ ಮಾಡಿಬಿಡುತ್ತೇನೆ.

ಒಬ್ಬ ತಾಯಿ "ಆಯಾ ಎಲ್ಲಿ?" ಅಂತ ಕೇಳುತ್ತಿದ್ದರು. ಅವರಿಗೆ ಮೆಲ್ಲಗೆ, "ಮಕ್ಕಳು ಅಕ್ಕ ಅಂತಾರೆ, ನೀವೂ ಹಾಗೇ ಕರೀರಿ" ಅಂದೆ. ಮೂರು ಮಕ್ಕಳ ಪೂರ್ತಿ ಜವಾಬ್ದಾರಿ ಅಕ್ಕನದೇ. ಸಂಜೆ ಆ ಮಕ್ಕಳ ಊಟ, ನಿದ್ದೆ, ಹಠದ ಸುದ್ದಿಯನ್ನು ಅವರೇ ಹೇಳುತ್ತಾರೆ, ನಾನು ನಡುವೆ ಬಾಯಿ ಹಾಕುವುದಿಲ್ಲ. ಸಂಬಳ 1ನೇ ತಾರೀಕಿಗೆ ಕೈಗೆ. ರಜೆ ಅವರನ್ನು ಕೇಳಿಯೇ ಗುರುತು ಹಾಕುತ್ತೇನೆ. ಊರಿನ ಜಾತ್ರೆ, ಯುಗಾದಿ, ಮಾರನೇ ದಿನದ ಹೊಸತೊಡಕು. ಜನವರಿಯಲ್ಲೇ ಎಲ್ಲರ ಮನೆಗೂ ಆ ಪಟ್ಟಿ ಹೋಗುತ್ತದೆ. ಮುಂಚೆ ಹೇಳಿದರೆ ಯಾರೂ ಬೇಡ ಅನ್ನಲ್ಲ.

ಗುಮ್ಮನ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಬಹಳ ದಿನ ಹೊಂದಲಿಲ್ಲ. ಊಟ ಮಾಡದ ಮಗುವಿಗೆ "ಗುಮ್ಮ ಬರ್ತಾನೆ" ಅನ್ನದೆ ಅವರ ಕೈಯಿಂದ ತುತ್ತೇ ಏಳುತ್ತಿರಲಿಲ್ಲ. ಹೆದರಿ ನುಂಗಿದ ಅನ್ನ ನನಗೆ ಬೇಡ, ಹಸಿವಾದಾಗ ತಿನ್ನಲಿ ಅನ್ನುವುದು ನನ್ನ ಮಾತು. ಎಷ್ಟೋ ಮಧ್ಯಾಹ್ನ ಇದೇ ಚರ್ಚೆ. ಮೊನ್ನೆ ಹುಡುಗನೊಬ್ಬ ಬಾಯಿ ಬಿಗಿಹಿಡಿದು ಕೂತಿದ್ದ. ಅಕ್ಕ "ಗು..." ಅಂದವರು ನನ್ನ ಕಡೆ ನೋಡಿದರು. ತುತ್ತನ್ನು ತಟ್ಟೆಗಿಟ್ಟು ಅವನನ್ನು ಕಿಟಕಿ ಹತ್ತಿರ ಎತ್ತಿಕೊಂಡು ಹೋದರು. ಕಾಂಪೌಂಡ್ ಮೇಲೆ ಕಾಗೆ ಕೂತಿತ್ತು. "ಅದಕ್ಕೊಂದು ತುತ್ತು, ನಿಂಗೊಂದು ತುತ್ತು" ಅಂದರು. ಅವನು ಮೊದಲು ಕಾಗೆಗೆ ಹಾಕಿದ. ಆಮೇಲೆ ಬಾಯಿ ತೆರೆದ.