12 ಅಂಕಿಯ ಕ್ಯಾಲ್ಕುಲೇಟರಿನಲ್ಲಿ 2⁶⁴ + 1 ಒಡೆದ ಬಗೆ

18446744073709551617, ಅಂದರೆ ಆರನೇ ಫರ್ಮಾ ಸಂಖ್ಯೆ (2^(2ⁿ) + 1 ರೂಪದವುಗಳಲ್ಲಿ n = 6). ಇದನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆಯಬೇಕು. ಕಂಪ್ಯೂಟರಿಗೆ ಕೊಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಒಡೆದು ಕೊಡುತ್ತದೆ, ಅದು ಎಲ್ಲರಿಗೂ ಗೊತ್ತು. ಕ್ಯಾಲ್ಕುಲೇಟರಿನಲ್ಲೇ ಮಾಡುತ್ತೇನೆ ಅಂದಾಗ ಗೆಳೆಯರು ನಕ್ಕರು. ಸಂಖ್ಯೆಗೇ ಇಪ್ಪತ್ತು ಅಂಕಿ, ಪರದೆಗೆ ಹನ್ನೆರಡು, ಎಲ್ಲಿಂದ ಎಲ್ಲಿಗೆ ಅಂತ. 1880ರಲ್ಲಿ ಫ್ರೆಂಚ್ ಗಣಿತಜ್ಞ ಲಾಂಡ್ರಿ ತನ್ನ 82ನೇ ವಯಸ್ಸಿನಲ್ಲಿ ಅದೂ ಇಲ್ಲದೆ ಮಾಡಿದ್ದ.

ಮೊದಲು ದುಡ್ಡು ದಂಡವಾದದ್ದು ಹೇಳಿಬಿಡುತ್ತೇನೆ. ಇದಕ್ಕೆಂದೇ ದುಬಾರಿ ಸೈಂಟಿಫಿಕ್ ಕ್ಯಾಲ್ಕುಲೇಟರ್ ಕೊಂಡೆ. ಅಪವರ್ತನ ಇರಬಹುದಾದ ಒಂದೊಂದು ಸಂಖ್ಯೆಯಿಂದ ಭಾಗಿಸಿ, ಉಳಿದ ಶೇಷವನ್ನು ವರ್ಗ ಮಾಡಬೇಕು. ಶೇಷ ಒಂದು ಲಕ್ಷ ದಾಟಿತೋ, ಅದರ ವರ್ಗ ಹನ್ನೊಂದು ಅಂಕಿ. ಪರದೆ ತಕ್ಷಣ ಘಾತದ ರೂಪಕ್ಕೆ ತಿರುಗಿ ಕೊನೆಯ ಅಂಕಿಗಳನ್ನು ನುಂಗುತ್ತದೆ. ನಮಗೆ ಬೇಕಾದದ್ದೇ ಆ ಕೊನೆಯ ಅಂಕಿ! ಅದರ ಕಾಲುಭಾಗ ಬೆಲೆಯೂ ಇಲ್ಲದ, ಲೆಕ್ಕಪತ್ರದವರು ಬಳಸುವ ಮಾಮೂಲಿ ಯಂತ್ರ ಕೆಲಸ ಪೂರೈಸಿತು.

ಅಪವರ್ತನ 256k + 1 ರೂಪದಲ್ಲೇ ಇರಬೇಕು (k ಪೂರ್ಣಾಂಕ). ಇದು 1878ರಲ್ಲಿ ಫ್ರೆಂಚ್ ಗಣಿತಜ್ಞ ಲ್ಯೂಕಾ ಕೊಟ್ಟ ವರ. ಆಯ್ಲರನ 128k + 1 ಹಿಡಿದು ಹೊರಟಿದ್ದರೆ ಕೆಲಸ ಎರಡರಷ್ಟು. k ಅನ್ನು 3ರಿಂದ ಭಾಗಿಸಿ 2 ಉಳಿದರೆ, 5ರಿಂದ ಭಾಗಿಸಿ 4 ಉಳಿದರೆ ಹೊಡೆದುಹಾಕಿ, ಆಗ 256k + 1 ಆ 3 ಅಥವಾ 5ರಿಂದಲೇ ಭಾಗವಾಗುತ್ತದೆ. 7, 11, 13 ಮುಂತಾದವಕ್ಕೂ ಹೀಗೇ. ಹೀಗೆ ಹೊಡೆದುಹಾಕುವ ಜರಡಿಯ ಹಾಳೆಗೆ ಗೆರೆ ಹಾಕುವುದರಲ್ಲಿ ನನ್ನದೊಂದು ಕೈಚಳಕ ಇದೆ, ಅದನ್ನು ಸದ್ಯಕ್ಕೆ ಬಿಟ್ಟುಕೊಡುವುದಿಲ್ಲ. ಕೊನೆಗೆ ಕೈಗೆ ಉಳಿದದ್ದು ಇನ್ನೂರಕ್ಕಿಂತ ಕಡಿಮೆ ಅವಿಭಾಜ್ಯಗಳು.

2⁶⁴ವರೆಗೆ ಹೋಗುವುದೇ ಬೇಡ. 2³², ಅಂದರೆ 4294967296ರ ಶೇಷ ತೆಗೆದು, ಒಮ್ಮೆ ವರ್ಗ ಮಾಡಿ, −1 ಬಂತೇ (ಒಂದು ಕೂಡಿಸಿದರೆ ಶೇಷವಿಲ್ಲದೆ ಭಾಗವಾಗುತ್ತದೆಯೇ) ನೋಡುವುದು ಅಷ್ಟೆ. ಶೇಷ ಅರ್ಧಕ್ಕಿಂತ ಹೆಚ್ಚಾದರೆ ಋಣ ಶೇಷ ಹಿಡಿಯಿರಿ. k = 1071, ಅಂದರೆ 274177. ಭಾಗಲಬ್ಧ 15665, ಶೇಷ −15409. ವರ್ಗ 237437281. ಒಂದು ಕೂಡಿಸಿ 274177ರಿಂದ ಭಾಗಿಸಿದೆ: 866, ದಶಾಂಶದ ಸುಳಿವೇ ಇಲ್ಲ! ನಕ್ಕಿದ್ದವರಿಗೆ ಆ ಹಾಳೆಯ ಫೋಟೋ ಕಳಿಸಿದೆ.

ನಡುವೆ ಕಂಪ್ಯೂಟರಿನಲ್ಲಿ p−1 ವಿಧಾನವನ್ನೂ (ಅಪವರ್ತನ p ಯಿಂದ ಒಂದು ಕಳೆದದ್ದು ಚಿಕ್ಕ ಅವಿಭಾಜ್ಯಗಳಾಗಿ ಒಡೆದರೆ p ಯನ್ನು ಹಿಡಿಯುವ ಬಗೆ) ಆಡಿಸಿ ನೋಡಿದ್ದೆ. ಆಧಾರ 2 ಇಟ್ಟರೆ ಮ.ಸಾ.ಅ. ಆಗಿ ಇಡೀ ಸಂಖ್ಯೆಯೇ ಮರಳಿ ಬರುತ್ತದೆ, ಯಾಕೆಂದರೆ ಎರಡೂ ಅಪವರ್ತನಗಳಿಗೆ 2ರ ಕ್ರಮ (2ರ ಎಷ್ಟನೇ ಘಾತಕ್ಕೆ ಮೊದಲ ಬಾರಿ ಶೇಷ 1 ಬರುತ್ತದೋ ಅದು) 128. ಆಧಾರ 3 ಇಟ್ಟರೆ ಸಲೀಸು; 274176 = 2⁸ × 3² × 7 × 17 ತಾನೆ.

ಉಳಿದ ಅಪವರ್ತನ 67280421310721. ಹದಿನಾಲ್ಕು ಅಂಕಿಯ ಶೇಷಗಳನ್ನು ವರ್ಗ ಮಾಡುವುದು ಈ ಡಬ್ಬಿಗೆ ಆಗದ ಮಾತು, ಹಾಗಾಗಿ ಅದು ಅವಿಭಾಜ್ಯವೇ ಅನ್ನುವುದನ್ನಷ್ಟೇ ಕಂಪ್ಯೂಟರಿಗೆ ಬಿಟ್ಟೆ. ಒಂದು ಕಳೆದರೆ 2⁸ × 5 × 47 × 373 × 2998279. ಮೊದಲ ನಾಲ್ಕರ ಗುಣಲಬ್ಧವೇ ಎರಡು ಕೋಟಿ ದಾಟುತ್ತದೆ, ಆ ಅಪವರ್ತನದ ವರ್ಗಮೂಲ 82 ಲಕ್ಷದ ಆಸುಪಾಸು. ಒಂದು ಕಳೆದ ಸಂಖ್ಯೆಯ ಒಡೆದ ಭಾಗ ವರ್ಗಮೂಲ ದಾಟಿದರೆ ಸಾಕೆನ್ನುವ ಪಾಕ್ಲಿಂಗ್ಟನ್‌ನ ಅವಿಭಾಜ್ಯತಾ ಪರೀಕ್ಷೆಗೆ 2998279ರ ಗೊಡವೆಯೇ ಬೇಡ.

ಹೀಗಾಗಿ ಭಾಜಕಗಳು ನಾಲ್ಕೇ. ಎರಡು ವರ್ಗಗಳ ಮೊತ್ತವಾಗಿ ಬರೆಯಲು ಎರಡೇ ದಾರಿ: 4294967296² + 1², ಇನ್ನೊಂದು 4046803256² + 1438793759². ಏಳನೇ ಫರ್ಮಾ ಸಂಖ್ಯೆಗೆ ಈ ದಾರಿ ಹಿಡಿಯಬೇಡಿ, ಅದರ ಚಿಕ್ಕ ಅಪವರ್ತನಕ್ಕೇ 17 ಅಂಕಿ.