ಮಲ್ಪೆಯ ಕಲ್ಲುಕಂಬಗಳ ದ್ವೀಪ: ಹುಬ್ಬಳ್ಳಿಯಿಂದ ಒಂದು ಹಗಲಿನ ಪ್ರವಾಸಕ್ಕೆ ಸಿದ್ಧತೆ ಹೇಗೆ?

ಉಡುಪಿ ಜಿಲ್ಲೆಯ ಮಲ್ಪೆ ಬಂದರಿನಿಂದ ಸುಮಾರು 6 ಕಿಲೊಮೀಟರ್ ದೂರದಲ್ಲಿ, ಅರಬ್ಬಿ ಸಮುದ್ರದ ನಡುವೆ ಇರುವ ಸೇಂಟ್ ಮೇರೀಸ್ ದ್ವೀಪಗಳನ್ನು ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಕಡೆಯವರು ಒಂದೇ ಹಗಲಿನಲ್ಲಿ ನೋಡಿ ಬರಬಹುದು. ಹೋಗುವ ರಾತ್ರಿ ಮತ್ತು ಬರುವ ರಾತ್ರಿ ಬಸ್ಸಿನಲ್ಲಿ ಕಳೆಯಲು ಸಿದ್ಧರಿದ್ದರೆ ವಸತಿಯ ಖರ್ಚೂ ಇಲ್ಲ, ರಜೆಯೂ ಒಂದೇ ದಿನದ್ದು ಸಾಕು. ನಮ್ಮ ಕಡೆಯಿಂದ ಹೋಗುವ ಬಹಳಷ್ಟು ಜನ ಮಠದ ದರ್ಶನ, ಊಟ, ಬೀಚು ಎಲ್ಲವನ್ನೂ ಮುಗಿಸಿ, ಉಳಿದ ಹೊತ್ತಿನಲ್ಲಿ ದೋಣಿ ಹತ್ತುತ್ತಾರೆ. ಆಗ ಸುಡುಬಿಸಿಲಿನಲ್ಲಿ ನಾಲ್ಕು ಫೋಟೊ ತೆಗೆಯುವಷ್ಟರಲ್ಲಿ ಮರಳಿ ಹೊರಡುವ ಕರೆ ಬಂದಿರುತ್ತದೆ. ಈ ಕ್ರಮವನ್ನು ತಿರುವಿ ಹಾಕಬೇಕು. ಮೊದಲು ದೋಣಿಯ ಹೊತ್ತನ್ನು ಗೊತ್ತುಮಾಡಿಕೊಂಡು, ಬಸ್ಸು, ಉಪಾಹಾರ, ದರ್ಶನ ಎಲ್ಲವನ್ನೂ ಅದಕ್ಕೆ ಹೊಂದಿಸಿಕೊಳ್ಳಬೇಕು.

ತಿಂಗಳು ಮತ್ತು ತಿಥಿ

ಮಳೆಗಾಲದಲ್ಲಿ ಸಮುದ್ರ ಪ್ರಕ್ಷುಬ್ಧವಾಗಿರುವುದರಿಂದ ದ್ವೀಪಕ್ಕೆ ದೋಣಿಗಳನ್ನು ಬಿಡುವುದಿಲ್ಲ. ಮಳೆ ಹಿಂದೆ ಸರಿದು ಸಮುದ್ರ ಶಾಂತವಾದ ಮೇಲೆ ಸಂಚಾರ ಮತ್ತೆ ಆರಂಭವಾಗುತ್ತದೆ. ನವೆಂಬರ್‌ನಿಂದ ಫೆಬ್ರುವರಿವರೆಗಿನ ಅವಧಿ ಅತ್ಯಂತ ಹಿತಕರವಾದದ್ದು. ಆದರೆ ಡಿಸೆಂಬರ್‌ನ ಕೊನೆಯ ವಾರದಲ್ಲಿ ಜನಸಂದಣಿ ವಿಪರೀತವಾಗಿರುತ್ತದೆ. ಭಾನುವಾರವನ್ನು ಬಿಟ್ಟು ವಾರದ ನಡುವೆ ಹೋಗಲು ಸಾಧ್ಯವಾದರೆ ಕಂಬಗಳ ಬಳಿ ನಿಂತು ನಿಧಾನವಾಗಿ ನೋಡುವುದಕ್ಕೆ ಅವಕಾಶ ಸಿಗುತ್ತದೆ.

ತಿಂಗಳು ನಿಶ್ಚಯಿಸಿದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿಯನ್ನೂ ಒಮ್ಮೆ ನೋಡಬೇಕು. ಸಮುದ್ರದಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತಗಳಿರುತ್ತವೆ. ಇವುಗಳ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ತಗ್ಗುತ್ತದೆ. ಅಷ್ಟಮಿಯ ಸುಮಾರಿಗೆ ಇವೆರಡರ ಅಂತರ ಕಡಿಮೆ. ನೀರು ಇಳಿದಿರುವಾಗ ದಂಡೆಯಂಚಿನ ಕಲ್ಲುಗಳು ಹೆಚ್ಚು ತೆರೆದುಕೊಳ್ಳುತ್ತವೆ. ಆದ್ದರಿಂದ ಮಲ್ಪೆಯ ಉಬ್ಬರವಿಳಿತದ ವೇಳಾಪಟ್ಟಿಯನ್ನು ಮೊಬೈಲಿನಲ್ಲಿ ನೋಡಿ, ದೋಣಿ ಸಂಚರಿಸುವ ಹಗಲಿನ ಹೊತ್ತಿನಲ್ಲಿ ಇಳಿತವಿರುವ ದಿನವನ್ನು ಆರಿಸಿಕೊಂಡರೆ ಅದೇ ದ್ವೀಪದಲ್ಲಿ ಹೆಚ್ಚು ಕಲ್ಲುಗಳನ್ನು ಕಾಣಬಹುದು.

ಕಲ್ಲಿನ ಕಥೆಯನ್ನು ಮೊದಲೇ ತಿಳಿದುಕೊಳ್ಳಿ

ಹೊರಡುವ ಮೊದಲು, ವಿಶೇಷವಾಗಿ ಮಕ್ಕಳೊಂದಿಗೆ, ಅರ್ಧ ಗಂಟೆ ಕುಳಿತು ಈ ಕಲ್ಲುಗಳ ವಿಚಾರ ಮಾತನಾಡುವುದು ಅತ್ಯಗತ್ಯವೆಂದು ನನಗೆ ಅನ್ನಿಸುತ್ತದೆ. ದ್ವೀಪದಲ್ಲಿ ಇದನ್ನೆಲ್ಲ ವಿವರಿಸಿ ಹೇಳುವವರು ಸಿಗುತ್ತಾರೆಂದು ನೆಚ್ಚಿಕೊಳ್ಳಲಾಗದು. ಕಥೆ ಗೊತ್ತಿಲ್ಲದಿದ್ದರೆ ಇವು ಬರೀ ಕಪ್ಪು ಬಂಡೆಗಳಾಗಿಯೇ ಉಳಿದುಬಿಡುತ್ತವೆ.

ಈ ದ್ವೀಪಗಳು ಜ್ವಾಲಾಮುಖಿ ಚಟುವಟಿಕೆಯಿಂದ ಮೇಲೆ ಬಂದ ಶಿಲಾರಸ ಗಟ್ಟಿಯಾಗಿ ಉಂಟಾದವು. ಬಿಸಿಯಾದ ರಸ ತಣಿಯುವಾಗ ಕುಗ್ಗುತ್ತದೆ, ಕುಗ್ಗುವಾಗ ಬಿರುಕು ಬಿಡುತ್ತದೆ. ನವಲಗುಂದ, ರೋಣದ ಎರೆಹೊಲಗಳು ಬೇಸಿಗೆಯಲ್ಲಿ ಒಣಗಿ ಐದು ಮೂಲೆ, ಆರು ಮೂಲೆಯ ಹೆಂಟೆಗಳಾಗಿ ಬಿರಿಯುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿ ತೇವ ಆರಿ ಮಣ್ಣು ಕುಗ್ಗುತ್ತದೆ, ಇಲ್ಲಿ ಶಾಖ ಆರಿ ಕಲ್ಲು ಕುಗ್ಗಿದೆ. ತಣಿಯುವಿಕೆ ಮೇಲ್ಮೈಯಿಂದ ಒಳಕ್ಕೆ ಸಾಗಿದಂತೆ ಬಿರುಕುಗಳೂ ಅದರ ಹಿಂದೆಯೇ ಇಳಿಯುವುದರಿಂದ ಇಡೀ ರಾಶಿ ಒತ್ತೊತ್ತಾಗಿ ನಿಂತ ಕಂಬಗಳಾಗಿ ಒಡೆಯುತ್ತದೆ. ಯಾರೂ ಉಳಿ ಮುಟ್ಟಿಸದೆಯೇ ಇಷ್ಟು ನೇರವಾದ ಅಂಚುಗಳು ಬಂದಿರುವುದು ಹೀಗೆ.

ಇದನ್ನು ಅನೇಕರು ದಖ್ಖನ್ ಪ್ರಸ್ಥಭೂಮಿಯ ಬಸಾಲ್ಟ್ ಶಿಲೆಯೆಂದೇ ತಿಳಿದಿದ್ದಾರೆ. ಬೆಳಗಾವಿಯಿಂದ ಉತ್ತರಕ್ಕೆ ಹರಡಿರುವ ದಖ್ಖನ್ ಲಾವಾ ಸುಮಾರು 6.6 ಕೋಟಿ ವರ್ಷ ಹಿಂದಿನದು. ಸೇಂಟ್ ಮೇರೀಸ್‌ನ ಶಿಲೆ ಅದಕ್ಕಿಂತ ಹಳೆಯದು, ಸುಮಾರು 8.8 ಕೋಟಿ ವರ್ಷದ್ದು. ಸಿಲಿಕಾದ ಅಂಶ ಬಸಾಲ್ಟ್‌ಗಿಂತ ಹೆಚ್ಚಿರುವ ಇದನ್ನು ಭೂವಿಜ್ಞಾನಿಗಳು ರಯೋಡೆಸೈಟ್ ಎಂದು ಕರೆಯುತ್ತಾರೆ. ಆ ಕಾಲದಲ್ಲಿ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ಅದು ಬೇರ್ಪಟ್ಟು ಹೋಗುವ ಹೊತ್ತಿನ ಜ್ವಾಲಾಮುಖಿ ಚಟುವಟಿಕೆಯ ಗುರುತುಗಳೇ ಈ ಕಂಬಗಳು. ಮಡಗಾಸ್ಕರ್‌ನಲ್ಲಿಯೂ ಇದೇ ವಯಸ್ಸಿನ ಜ್ವಾಲಾಮುಖಿ ಶಿಲೆಗಳಿವೆ. ಹೀಗಾಗಿಯೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಧಾರವಾಡದವರು ಇಲ್ಲಿ ಇನ್ನೊಂದು ಮಾತನ್ನು ಹೆಮ್ಮೆಯಿಂದ ನೆನೆಯಬಹುದು. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ನಮ್ಮ ಊರಿನ ಹೆಸರನ್ನೇ ಇಟ್ಟ ‘ಧಾರವಾಡ’ ಶಿಲಾವರ್ಗದ ಕಲ್ಲುಗಳು 250 ಕೋಟಿ ವರ್ಷಗಳಿಗೂ ಹಿಂದಿನವು. ಅವುಗಳ ಮುಂದೆ ಮಲ್ಪೆಯ ಕಂಬಗಳು ತೀರ ಎಳೆಯವು.

ರಾತ್ರಿಯ ದಾರಿ

ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗ ಇನ್ನೂ ಆಗಿಲ್ಲವಾದ್ದರಿಂದ ನಮಗೆ ರಸ್ತೆಯೇ ಗತಿ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲಾ. ಅಲ್ಲಿಂದ ಕರಾವಳಿ ಹೆದ್ದಾರಿಯಲ್ಲಿ ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರ ದಾಟಿ ಉಡುಪಿ. ಒಟ್ಟು ಸುಮಾರು 280 ಕಿಲೊಮೀಟರ್ ಆಗುವ ಈ ದಾರಿಗೆ ಏಳು ತಾಸು ಹಿಡಿದುಕೊಳ್ಳುವುದು ಕ್ಷೇಮ. ಗದಗಿನವರು ಹುಬ್ಬಳ್ಳಿಗೆ ಬಂದು ಬಸ್ ಹಿಡಿಯುವುದೇ ಸರಿ. ಹಾವೇರಿಯವರು ಹಾಗೆ ಮಾಡಬೇಕಿಲ್ಲ. ಶಿರಸಿ ಮೇಲಿಂದ ಕುಮಟಾಕ್ಕೆ ಇಳಿದರೆ ಸುತ್ತು ತಪ್ಪುತ್ತದೆ. ಆದರೆ ಘಟ್ಟದ ರಸ್ತೆಯಲ್ಲಿ ಕಾಮಗಾರಿಗಾಗಿ ಸಂಚಾರ ತಡೆದಿದ್ದಾರೆಯೇ ಎಂದು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು.

ಬೆಳಗಿನ ಆರರ ಸುಮಾರಿಗೆ ಉಡುಪಿ ಮುಟ್ಟುವ ಬಸ್ಸಿಗೆ ಸೀಟು ಕಾಯ್ದಿರಿಸಿ. ಹುಬ್ಬಳ್ಳಿಯಲ್ಲಿ ಬಸ್ ಗೋಕುಲ ರಸ್ತೆಯ ನಿಲ್ದಾಣದಿಂದ ಹೊರಡುತ್ತದೆಯೋ ಹೊಸೂರಿನಿಂದಲೋ ಎಂಬುದನ್ನು ಟಿಕೆಟ್ ತೆಗೆಯುವಾಗಲೇ ಕೇಳಿಕೊಳ್ಳಿ. ಸ್ವಂತ ಕಾರಿನಲ್ಲಿ ಹೋಗುವವರು, ರಾತ್ರಿಯಿಡೀ ಓಡಿಸಿದ ಚಾಲಕನೇ ಮರುರಾತ್ರಿಯೂ ಘಟ್ಟ ಹತ್ತಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ಇಬ್ಬರು ಚಾಲಕರಿಲ್ಲದಿದ್ದರೆ ಬಸ್ಸೇ ಲೇಸು.

ಉಡುಪಿಯಿಂದ ದೋಣಿಗೆ

ಬಸ್ಸಿಳಿದ ಮೇಲೆ ಕೈಕಾಲು ಮುಖ ತೊಳೆದು, ತಿಂಡಿ ಮುಗಿಸಿ, ಎಂಟೂವರೆಗೆ ಮಲ್ಪೆಯಲ್ಲಿರುವಂತೆ ನೋಡಿಕೊಳ್ಳಿ. ಉಡುಪಿಯಿಂದ ಮಲ್ಪೆಗೆ ಸಿಟಿ ಬಸ್ಸುಗಳು ಮೇಲಿಂದ ಮೇಲೆ ಇವೆ. ದೂರ ಆರೇಳು ಕಿಲೊಮೀಟರ್ ಮಾತ್ರ. ದೋಣಿಗಳು ಸಾಮಾನ್ಯವಾಗಿ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಆರಂಭವಾಗುತ್ತವೆ. ದೊಡ್ಡ ದೋಣಿ ಸಾಕಷ್ಟು ಜನ ತುಂಬಿದ ಮೇಲೆಯೇ ಹೊರಡುವುದರಿಂದ ಒಂಟಿಯಾಗಿ ಬಂದವರು ಸ್ವಲ್ಪ ಕಾಯಬೇಕಾಗಬಹುದು. ಟಿಕೆಟ್ ಪಡೆಯುವಾಗಲೇ ಎರಡು ಪ್ರಶ್ನೆಗಳನ್ನು ಕೇಳಿ: ದ್ವೀಪದಲ್ಲಿ ಎಷ್ಟು ಹೊತ್ತು ಇರಬಹುದು, ಮತ್ತು ಅದೇ ಟಿಕೆಟಿನಲ್ಲಿ ಮುಂದಿನ ದೋಣಿಗೆ ಮರಳಬಹುದೇ. ಮೊದಲ ದೋಣಿಯಲ್ಲಿ ಹೋಗಿ ಎರಡು ತಾಸು ನಿಲ್ಲುವುದು ನಮ್ಮ ಗುರಿಯಾಗಿರಲಿ.

ಸಮುದ್ರದ ಸ್ಥಿತಿಯನ್ನು ನೋಡಿಕೊಂಡು ದಡದ ಹತ್ತಿರ ಚಿಕ್ಕ ದೋಣಿಗೆ ದಾಟಿಸುವುದೂ, ಮೊಣಕಾಲುಮಟ್ಟದ ನೀರಿನಲ್ಲಿ ಇಳಿಸುವುದೂ ಉಂಟು. ಆದ್ದರಿಂದ ಶೂ ಬೇಡ, ಹಿಂದೆ ಪಟ್ಟಿಯಿರುವ, ತಳ ಜಾರದ ಚಪ್ಪಲಿ ಬೇಕು. ಟೋಪಿ, ಒಂದು ಜೊತೆ ಒಣ ಬಟ್ಟೆ, ಸ್ಟೀಲ್ ಬಾಟಲಿಯಲ್ಲಿ ಕುಡಿಯುವ ನೀರು ಇಷ್ಟಿದ್ದರೆ ಸಾಕು. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ, ಮರಳಿ ಬಂದ ಮೇಲೆ ಮಲ್ಪೆಯ ದಂಡೆಯಲ್ಲಿ ಬಿಚ್ಚಿ. ಪ್ಲಾಸ್ಟಿಕ್ ಒಯ್ಯಲೇಬೇಡಿ.

ದ್ವೀಪದಲ್ಲಿ ಏನನ್ನು, ಹೇಗೆ ನೋಡಬೇಕು

ಇಲ್ಲಿ ಮುಖ್ಯವಾಗಿ ನಾಲ್ಕು ದ್ವೀಪಗಳಿವೆ. ಪ್ರವಾಸಿಗರನ್ನು ಕರೆದೊಯ್ಯುವುದು ತೆಂಗಿನ ಮರಗಳಿರುವ, ಸುಮಾರು 500 ಮೀಟರ್ ಉದ್ದ, 100 ಮೀಟರ್ ಅಗಲದ ದ್ವೀಪಕ್ಕೆ. ಸ್ಥಳೀಯರು ತೋನ್ಸೆಪಾರ್ ಎನ್ನುವುದುಂಟು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟು ಮೇರಿಯ ಹೆಸರಿಟ್ಟನೆಂಬ ಪ್ರತೀತಿಯಿದೆ.

ಇಳಿದ ಕೂಡಲೇ ನೆರಳಿನತ್ತ ಹೋಗದೆ, ಬಿಸಿಲೇರುವ ಮೊದಲೇ ಕಂಬಗಳಿರುವ ದಂಡೆಗೆ ನಡೆಯಿರಿ. ಮೊದಲು ದೂರ ನಿಂತು ಕಂಬಗಳ ವಾಲುವಿಕೆಯನ್ನು ಗಮನಿಸಿ: ಕೆಲವು ನೆಟ್ಟಗೆ ನಿಂತಿವೆ, ಕೆಲವು ಓರೆಯಾಗಿವೆ. ಆಮೇಲೆ ಒಂದೇ ಒಂದು ಕಂಬವನ್ನು ಆರಿಸಿಕೊಂಡು ಅದರ ಬಳಿ ಕುಳಿತುಕೊಳ್ಳಿ. ಅದರ ತಲೆಯ ಅಂಚಿನ ಮೇಲೆ ಬೆರಳಾಡಿಸುತ್ತ ಮೂಲೆಗಳನ್ನು ಎಣಿಸಿ. ಆರು ಬರಬಹುದು, ಐದು ಅಥವಾ ಏಳೂ ಬರಬಹುದು. ಎಲ್ಲ ಕಂಬಗಳೂ ಷಟ್ಕೋನವೆಂಬ ಮಾತು ನಿಜವಲ್ಲ ಎಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಎರಡು ಕಂಬಗಳ ನಡುವಿನ ಸಂದಿಯನ್ನು ನೋಡಿ. ಅಲೆ ಬಡಿಯುವ ಮಟ್ಟದಲ್ಲಿ ಚೂಪಾದ ಚಿಪ್ಪಿನ ಜೀವಿಗಳು ಕಲ್ಲನ್ನು ಕಚ್ಚಿ ಹಿಡಿದಿರುತ್ತವೆ, ಅಲ್ಲಿ ಬರಿಗೈ ಇಟ್ಟರೆ ಕೊಯ್ಯುತ್ತದೆ. ಭೂತಗನ್ನಡಿಯಿದ್ದರೆ ಕಲ್ಲಿನ ಒಡೆದ ಮೈಯಲ್ಲಿ ತಿಳಿಬಣ್ಣದ ಸಣ್ಣ ಹರಳುಗಳನ್ನು ಹುಡುಕಿ. ರಸ ಪೂರ್ತಿ ಗಟ್ಟಿಯಾಗುವ ಮೊದಲೇ ಬೆಳೆದ ಫೆಲ್ಡ್‌ಸ್ಪಾರ್ ಹರಳುಗಳವು.

ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲಿಡಬೇಡಿ, ಸಮುದ್ರಕ್ಕೆ ಬೆನ್ನು ಹಾಕಿ ಫೋಟೊಕ್ಕೆ ನಿಲ್ಲಬೇಡಿ. ಬಂಡೆಗಳ ಸಂದಿಯಲ್ಲಿ ನೀರಿನ ಸೆಳೆತ ಬಲವಾಗಿರುವುದರಿಂದ ಈಜಲು ಇಳಿಯುವುದು ಪ್ರಾಣಾಪಾಯ. ಕಾವಲಿನವರು ಸೀಟಿ ಊದಿದರೆ ತಕ್ಷಣ ಹಿಂದೆ ಸರಿಯಿರಿ. ಇಲ್ಲಿನ ದಂಡೆಯಲ್ಲಿ ಮರಳಿಗಿಂತ ಕಪ್ಪೆಚಿಪ್ಪುಗಳೇ ಹೆಚ್ಚಾಗಿ ಕಾಣುತ್ತವೆ, ಕಿಸೆಗೆ ತುಂಬಿಕೊಳ್ಳುವ ಆಸೆ ಯಾರಿಗಾದರೂ ಬರುತ್ತದೆ. ಚಿಪ್ಪನ್ನಾಗಲಿ ಕಲ್ಲಿನ ಚೂರನ್ನಾಗಲಿ ದಯವಿಟ್ಟು ತರಬೇಡಿ. ಕಂಬಗಳ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ತಡೆಯಿರಿ.

ಮಧ್ಯಾಹ್ನದ ನಂತರ

ಹನ್ನೆರಡರ ಹೊತ್ತಿಗೆ ಮಲ್ಪೆಗೆ ಮರಳಿದರೆ ಊಟ, ವಿಶ್ರಾಂತಿ, ಕೃಷ್ಣ ಮಠದ ದರ್ಶನ ಎಲ್ಲಕ್ಕೂ ಸಮಯವಿದೆ. ಸಂಜೆಗೆ ಉಡುಪಿಯಿಂದ ದಕ್ಷಿಣಕ್ಕೆ ಹದಿಮೂರು ಕಿಲೊಮೀಟರಿನಷ್ಟು ದೂರವಿರುವ ಕಾಪುವಿಗೆ ಹೋಗಬಹುದು; ಅಲ್ಲಿ ದಂಡೆಯ ದೊಡ್ಡ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಗಾಳಿ ಜೋರಾಗಿ ದೋಣಿ ರದ್ದಾದ ದಿನವೂ ಇದು ಒಳ್ಳೆಯ ಬದಲಿ. ಆದರೆ ಮೇಲೆ ಹತ್ತಲು ಸಂಜೆ ಸ್ವಲ್ಪ ಹೊತ್ತು ಮಾತ್ರ ಬಿಡುವುದರಿಂದ ಸಮಯ ಕೇಳಿಕೊಂಡು ಹೋಗಿ. ಮರಳುವ ಬಸ್ಸನ್ನು ರಾತ್ರಿ ಒಂಬತ್ತರ ನಂತರದ್ದಾಗಿ ಕಾಯ್ದಿರಿಸಿದರೆ ಕಾಪುವಿನಿಂದ ಅವಸರವಿಲ್ಲದೆ ಹಿಂತಿರುಗಿ, ಉಡುಪಿಯಲ್ಲಿ ಊಟ ಮಾಡಿ ಹತ್ತಬಹುದು; ಬೆಳಗಾಗುವ ಹೊತ್ತಿಗೆ ಹುಬ್ಬಳ್ಳಿ ತಲುಪಿ, ಗದಗಿನವರು ಬೆಳಗಿನ ಮೊದಲ ಬಸ್ಸುಗಳನ್ನೇ ಹಿಡಿಯಬಹುದು.